ಕಾಫಿ ಕಣದಿಂದ ಸೂಪರ್ನೋವಾ ಅವಶೇಷದ ಫೋಟೋ: ಕೊಡಗಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಡಿಸೆಂಬರ್ ಬಂತೆಂದರೆ ನಮ್ಮ ಕಾಫಿ ಕಣದ ಒಂದು ಮೂಲೆಯಲ್ಲಿ ಟೆಲಿಸ್ಕೋಪ್ ನಿಲ್ಲುತ್ತದೆ. ಹಗಲು ಅಲ್ಲಿ ಹಣ್ಣು ಒಣಗುತ್ತದೆ. ಸಂಜೆ ಅದನ್ನು ಗುಡ್ಡೆ ಮಾಡಿ ಟಾರ್ಪಾಲ್ ಹೊದಿಸಿದ ಮೇಲೆ ಆ ಜಾಗ ನನ್ನದು. ನೋಡಿದವರು, ಫೋಟೋ ಕಂಡವರು ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ. ಹಾಗಾಗಿ ಎಲ್ಲವನ್ನೂ ಒಂದೇ ಕಡೆ ಬರೆದಿಟ್ಟಿದ್ದೇನೆ. ಕೊಡಗಿನ ಮಳೆ, ಕೊಡಗಿನ ಇಬ್ಬನಿ, ಕೊಡಗಿನ ಮರಗಳನ್ನು ತಲೆಯಲ್ಲಿಟ್ಟುಕೊಂಡು ಬರೆದದ್ದು ಇದು.

ಸೂಪರ್ನೋವಾ ಅವಶೇಷ ಅಂದರೆ ಏನು?

ಸೂರ್ಯನಿಗಿಂತ ಸುಮಾರು 8 ಪಟ್ಟಿಗೂ ಹೆಚ್ಚು ತೂಕದ ನಕ್ಷತ್ರಗಳು ಕೊನೆಗೆ ಸಿಡಿಯುತ್ತವೆ. ಸಿಡಿದಾಗ ಹೊರಗೆ ಹಾರಿದ ಅನಿಲ ಸುತ್ತಲಿನ ಅನಿಲಕ್ಕೆ ಗುದ್ದುತ್ತಾ ಸಾವಿರಾರು ವರ್ಷ ಹರಡುತ್ತಲೇ ಇರುತ್ತದೆ. ಗುದ್ದಿದ ಕಡೆ ಅನಿಲ ಬಿಸಿಯಾಗಿ ಹೊಳೆಯುತ್ತದೆ. ನಾವು ಫೋಟೋ ತೆಗೆಯುವುದು ಆ ಹೊಳಪನ್ನು. ಸಿಡಿತದ ಬೆಳಕು ಎಂದೋ ದಾಟಿ ಹೋಯಿತು. ಗುದ್ದಾಟ ಮಾತ್ರ ಇನ್ನೂ ನಡೆಯುತ್ತಿದೆ.

ಹೆಚ್ಚು ಜನಕ್ಕೆ ಗೊತ್ತಿರುವುದು ವೃಷಭ ರಾಶಿಯ ಏಡಿ ನೀಹಾರಿಕೆ. 1054ರ ಜುಲೈಯಲ್ಲಿ ಚೀನಾದ ಖಗೋಳ ವೀಕ್ಷಕರು ಅಲ್ಲಿ ಹೊಸ ನಕ್ಷತ್ರವೊಂದನ್ನು ಕಂಡು ಬರೆದಿಟ್ಟರು. 23 ದಿನ ಅದು ಹಗಲಲ್ಲೂ ಕಾಣುತ್ತಿತ್ತು. ಇವತ್ತು ಅದೇ ಜಾಗದಲ್ಲಿ ಈ ನೀಹಾರಿಕೆ ಇದೆ.

ನ್ಯಾರೋಬ್ಯಾಂಡ್ ಅಂದರೆ? ಮಾಮೂಲಿ ಕಲರ್ ಫೋಟೋ ಆಗಲ್ವಾ?

ಆಗುತ್ತದೆ, ಆದರೆ ಎಳೆಗಳು ಎದ್ದು ಕಾಣುವುದಿಲ್ಲ. ಈ ಅನಿಲ ಎಲ್ಲ ಬಣ್ಣದಲ್ಲೂ ಹೊಳೆಯುವುದಿಲ್ಲ. ಕೆಲವೇ ಗೆರೆಗಳಲ್ಲಿ ಹೊಳೆಯುತ್ತದೆ. ಹೈಡ್ರೋಜನ್ 656.3 ನ್ಯಾನೋಮೀಟರಿನಲ್ಲಿ ಕಡುಗೆಂಪು ಬೆಳಕು ಬಿಡುತ್ತದೆ. ಇದಕ್ಕೆ ಎಚ್-ಆಲ್ಫಾ ಅನ್ನುತ್ತಾರೆ. ಎರಡು ಎಲೆಕ್ಟ್ರಾನ್ ಕಳೆದುಕೊಂಡ ಆಕ್ಸಿಜನ್ 495.9 ಮತ್ತು 500.7ರಲ್ಲಿ ಹಸಿರು ನೀಲಿ ಬೆಳಕು ಕೊಡುತ್ತದೆ. ಇದು ಓ-ತ್ರೀ. ಒಂದು ಎಲೆಕ್ಟ್ರಾನ್ ಕಳೆದುಕೊಂಡ ಗಂಧಕ 671.6 ಮತ್ತು 673.1ರಲ್ಲಿ ಇನ್ನೂ ಕಡುಗೆಂಪು. ಇದು ಎಸ್-ಟು. ಈ ಗೆರೆಗಳ ಸುತ್ತ 3 ರಿಂದ 7 ನ್ಯಾನೋಮೀಟರ್ ಮಾತ್ರ ಒಳಗೆ ಬಿಟ್ಟು ಉಳಿದ ಬೆಳಕನ್ನೆಲ್ಲ ತಡೆಯುವ ಫಿಲ್ಟರ್ ಹಾಕಿದರೆ ಆಕಾಶದ ಬಿಳಿಚು, ಬೀದಿ ದೀಪ, ಚಂದ್ರನ ಬೆಳಕು ಬಹುಪಾಲು ಹೊರಗೇ ಉಳಿಯುತ್ತದೆ. ಒಳಗೆ ಬರುವುದು ನೀಹಾರಿಕೆ.

ಕೊಡಗಿನಿಂದ ಯಾವ ಅವಶೇಷ ತೆಗೆಯುವುದು ಒಳ್ಳೆಯದು?

ಎಲ್ಲರೂ ಮೊದಲು ಹೇಳುವ ಹೆಸರು ವೇಲ್ ನೀಹಾರಿಕೆ. ಸಿಗ್ನಸ್ ಪುಂಜದಲ್ಲಿದೆ, ದೂರ ಸುಮಾರು 2400 ಜ್ಯೋತಿರ್ವರ್ಷ. ಆಕಾಶದಲ್ಲಿ 3 ಡಿಗ್ರಿ ಅಗಲ, ಅಂದರೆ ಆರು ಹುಣ್ಣಿಮೆ ಚಂದ್ರರನ್ನು ಸಾಲಾಗಿ ಇಟ್ಟಷ್ಟು. ವಿಲಿಯಂ ಹರ್ಷೆಲ್ ಅದನ್ನು ಮೊದಲು ಕಂಡದ್ದು 1784ರ ಸೆಪ್ಟೆಂಬರ್ 5ರಂದು. ತುಂಬ ಚೆಂದದ ನೀಹಾರಿಕೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದು ನಡುರಾತ್ರಿ ನೆತ್ತಿಯ ಹತ್ತಿರ ಬರುವುದು ಆಗಸ್ಟ್ ತಿಂಗಳಲ್ಲಿ. ನಮಗೆ ಆಗ ಕಕ್ಕಡ ತಿಂಗಳ ಮಳೆ. ಅಕ್ಟೋಬರ್‌ನಲ್ಲಿ ರಾತ್ರಿ 8ರ ಹೊತ್ತಿಗೆ ಎತ್ತರದಲ್ಲಿ ಸಿಗುತ್ತದೆ, ಆದರೆ ಹಿಂಗಾರಿನ ಮೋಡ ಇರುತ್ತದೆ. ನವೆಂಬರ್ ನಡುವೆ ಕತ್ತಲಾಗುವಾಗಲೇ ಪಶ್ಚಿಮಕ್ಕೆ ವಾಲಿರುತ್ತದೆ. ನಾನು ಎರಡು ವರ್ಷ ಅದರ ಹಿಂದೆ ಬಿದ್ದೆ. ಒಟ್ಟು ಕೈಗೆ ಸಿಕ್ಕಿದ್ದು ಐದು ಗಂಟೆಯ ಡೇಟಾ, ಅದರಲ್ಲಿ ಅರ್ಧ ತೆಳು ಮೋಡದ ಮೂಲಕ ತೆಗೆದದ್ದು.

ಹಾಗಾಗಿ ನನ್ನ ಸಲಹೆ ಒಂದೇ. ಕೊಡಗಿನವರ ಅವಶೇಷ ಅಂದರೆ ಜೆಲ್ಲಿಫಿಶ್ ನೀಹಾರಿಕೆ, ಐಸಿ 443. ಮಿಥುನ ರಾಶಿಯಲ್ಲಿದೆ. ತೇಜತ್ ಮತ್ತು ಪ್ರೋಪಸ್ ಎಂಬ ಎರಡು ನಕ್ಷತ್ರಗಳ ನಡುವೆ ಹುಡುಕಬೇಕು, ಪ್ರೋಪಸ್‌ಗೆ ತೀರಾ ಹತ್ತಿರ. ಸುಮಾರು 5000 ಜ್ಯೋತಿರ್ವರ್ಷ ದೂರ. ಅಗಲ ಹೆಚ್ಚು ಕಡಿಮೆ 50 ಆರ್ಕ್‌ಮಿನಿಟ್ (60 ಆರ್ಕ್‌ಮಿನಿಟ್ ಸೇರಿದರೆ ಒಂದು ಡಿಗ್ರಿ), ಚಂದ್ರನಿಗಿಂತ ದೊಡ್ಡದು. ಡಿಸೆಂಬರ್ ಕೊನೆಯಲ್ಲಿ ರಾತ್ರಿ ಹನ್ನೆರಡೂವರೆ ಸುಮಾರಿಗೆ ನೆತ್ತಿಗೆ ಬರುತ್ತದೆ, ಜನವರಿ ಕೊನೆಗೆ ಹತ್ತೂಕಾಲಿಗೆ, ಫೆಬ್ರವರಿ ಕೊನೆಗೆ ಎಂಟೂಕಾಲಿಗೆ. ನಮ್ಮಲ್ಲಿ ಅದರ ಎತ್ತರ 80 ಡಿಗ್ರಿ. ಅಷ್ಟು ಎತ್ತರದಲ್ಲಿ ಗಾಳಿಯ ಪದರ ತೆಳು, ನಕ್ಷತ್ರಗಳು ಚುಕ್ಕಿಯ ಹಾಗೆ ಬರುತ್ತವೆ. ಸುಗ್ಗಿಯ ಹುತ್ತರಿ ಹಬ್ಬ ಮುಗಿದ ಮೇಲಿಂದ ಕಾಫಿ ಅರಳಿಸುವ ಹೂ ಮಳೆ ಬೀಳುವವರೆಗೆ ನಮ್ಮ ಆಕಾಶ ತೆರೆದಿರುತ್ತದೆ. ಜೆಲ್ಲಿಫಿಶ್ ಎತ್ತರದಲ್ಲಿರುವುದೂ ಅದೇ ತಿಂಗಳುಗಳಲ್ಲಿ. ಜನವರಿ ನಡುವೆ ಕತ್ತಲಾದಾಗಿನಿಂದ ಬೆಳಗಿನ ಜಾವ ಮೂರೂವರೆ ತನಕ, ಏಳು ಗಂಟೆಗೂ ಜಾಸ್ತಿ, ಅದು 30 ಡಿಗ್ರಿಗಿಂತ ಮೇಲೇ ಇರುತ್ತದೆ.

ಕೈ ಕುದುರಿದವರು ಸಿಮೈಸ್ 147 ನೋಡಬಹುದು. ಅದೂ ಚಳಿಗಾಲದ್ದೇ, 3 ಡಿಗ್ರಿ ಅಗಲ, ಶಾವಿಗೆ ಹರಡಿದ ಹಾಗೆ ಎಳೆ ಎಳೆ. ಆದರೆ ವಿಪರೀತ ಮಸುಕು. ದಕ್ಷಿಣದಲ್ಲಿ ವೇಲಾ ಅವಶೇಷ ಇದೆ. ಫೆಬ್ರವರಿಯಲ್ಲಿ ನಮಗೆ ಸುಮಾರು 32 ಡಿಗ್ರಿ ಎತ್ತರದಲ್ಲಿ ಸಿಗುತ್ತದೆ, ಲಂಡನ್ನಿನವರಿಗೆ ಅದು ಹುಟ್ಟುವುದೇ ಇಲ್ಲ. ನಿಮ್ಮ ತೋಟದ ದಕ್ಷಿಣಕ್ಕೆ ಗುಡ್ಡ ಇಲ್ಲದಿದ್ದರೆ ಒಂದು ಕೈ ನೋಡಿ.

ತಡಿಯಂಡಮೋಳ್ ಅಥವಾ ಮಾಂದಲಪಟ್ಟಿ ಮೇಲೆ ಹೋದರೆ ಇನ್ನೂ ಚೆನ್ನಾಗಿ ಬರುತ್ತಾ?

ಬೇಡ. ಅವು ಅರಣ್ಯ ಇಲಾಖೆಯ ಕಣ್ಗಾವಲಿನ ಜಾಗಗಳು. ರಾತ್ರಿ ಅನುಮತಿ ಇಲ್ಲದೆ ಹೋಗುವುದು ಕಾನೂನಿಗೂ ವಿರುದ್ಧ, ಜೀವಕ್ಕೂ ಅಪಾಯ. ಅದಲ್ಲದೆ ಬೆಟ್ಟದ ತುದಿಯಲ್ಲಿ ಗಾಳಿ ಜೋರು. ಐದು ನಿಮಿಷದ ಎಕ್ಸ್‌ಪೋಶರ್‌ನಲ್ಲಿ ಟೆಲಿಸ್ಕೋಪ್ ಒಂದು ಸಲ ಅಲುಗಿದರೂ ಆ ಫ್ರೇಮ್ ಹೋಯಿತು.

ಮನೆಯ ಕಣವೇ ಸಾಕು. ತೋಟದಲ್ಲಿ ಸಿಲ್ವರ್ ಮರ, ನೆರಳಿನ ಮರ ಎಲ್ಲ ಕಡೆ ಆಕಾಶ ಮುಚ್ಚುತ್ತವೆ. ಕಣದಲ್ಲಿ ಮಾತ್ರ ಬಿಸಿಲಿಗೆಂದು ಮರ ತೆಗೆದಿರುತ್ತಾರೆ, ನೆಲವೂ ಮಟ್ಟ ಇರುತ್ತದೆ. ಸಿಮೆಂಟ್ ಕಣವಾದರೆ ಕಾದ ನೆಲದ ಬಿಸಿ ಏಳೂವರೆ ಎಂಟರವರೆಗೆ ಮೇಲೇರುತ್ತಿರುತ್ತದೆ, ಮೊದಲ ಗಂಟೆಯ ನಕ್ಷತ್ರಗಳು ಸ್ವಲ್ಪ ದಪ್ಪ ಬರುತ್ತವೆ. ಅಂಚಿನ ಮಣ್ಣಿನ ಮೇಲೆ ಟ್ರೈಪಾಡ್ ಇಟ್ಟರೆ ಆ ತೊಂದರೆ ಕಡಿಮೆ.

ಆನೆ ವಿಷಯ ಹಗುರವಾಗಿ ತೆಗೆದುಕೊಳ್ಳಬೇಡಿ. ನಿಮ್ಮ ಭಾಗದಲ್ಲಿ ಆನೆ ಓಡಾಡುತ್ತಿದೆ ಅಂತ ಸುದ್ದಿ ಇದ್ದರೆ ಆ ರಾತ್ರಿ ಟೆಲಿಸ್ಕೋಪನ್ನು ಮನೆಯ ಅಂಗಳದಲ್ಲೇ ಇಡಿ, ಇಲ್ಲವೇ ಬಿಟ್ಟುಬಿಡಿ. ನಾನು ಎಲ್ಲವನ್ನೂ ವೈಫೈ ಮೇಲೆ ಒಳಗಿನಿಂದಲೇ ನಡೆಸುತ್ತೇನೆ. ಮನೆಯವರಿಗೆ ಹೇಳದೆ ಕತ್ತಲಲ್ಲಿ ಕಣಕ್ಕೆ ಇಳಿಯುವುದಿಲ್ಲ.

ಮಡಿಕೇರಿ ಪೇಟೆಯ ಟೆರೇಸಿನಿಂದ ಆಗುತ್ತಾ?

ಆಗುತ್ತದೆ. ನ್ಯಾರೋಬ್ಯಾಂಡ್ ಇರುವುದೇ ಅದಕ್ಕೆ. ಬೆಳಕಿಗಿಂತ ಮಂಜಿನ ಕಾಟ ಜಾಸ್ತಿ. ಕುಶಾಲನಗರದ ಕಡೆ ಮಳೆ, ಮಂಜು ಎರಡೂ ಕಡಿಮೆ. ಭಾಗಮಂಡಲದ ಕಡೆಯವರಿಗೆ ಕಾಯುವ ಕೆಲಸ ಹೆಚ್ಚು.

ಧ್ರುವ ನಕ್ಷತ್ರ ಕಾಣುವುದೇ ಇಲ್ಲ. ಪೋಲಾರ್ ಅಲೈನ್‌ಮೆಂಟ್ ಹೇಗೆ ಮಾಡಲಿ?

ಇದು ನಮ್ಮ ಕಡೆಯವರ ದೊಡ್ಡ ತಲೆನೋವು. ಮೌಂಟ್ ಅಂದರೆ ಟೆಲಿಸ್ಕೋಪನ್ನು ಹೊತ್ತು ಆಕಾಶದ ಜೊತೆ ತಿರುಗಿಸುವ ಯಂತ್ರ. ಅದರ ಅಕ್ಷವನ್ನು ಆಕಾಶದ ಧ್ರುವದ ಕಡೆಗೆ ಸರಿಯಾಗಿ ತಿರುಗಿಸುವುದೇ ಪೋಲಾರ್ ಅಲೈನ್‌ಮೆಂಟ್. ಮಡಿಕೇರಿಯ ಅಕ್ಷಾಂಶ ಸುಮಾರು 12.4 ಡಿಗ್ರಿ. ಧ್ರುವ ನಕ್ಷತ್ರ ದಿಗಂತದಿಂದ ಅಷ್ಟೇ ಎತ್ತರ. ಕೈ ನೀಟಾಗಿ ಚಾಚಿ ಮುಷ್ಟಿ ಹಿಡಿದರೆ 10 ಡಿಗ್ರಿ ಆಗುತ್ತದೆ, ಅದಕ್ಕಿಂತ ಚೂರು ಮೇಲೆ. ನಮ್ಮ ಕಣದಿಂದ ನೋಡಿದರೆ ಅಲ್ಲಿ ಹಲಸಿನ ಮರ. ಯಾರ ಮನೆಯಲ್ಲೂ ಉತ್ತರಕ್ಕೆ ಏನಾದರೂ ಒಂದು ಅಡ್ಡ ಇದ್ದೇ ಇರುತ್ತದೆ.

ಧ್ರುವ ನಕ್ಷತ್ರ ಕಾಣದೆಯೂ ಮಾಡಬಹುದು. ನೀನಾ ಎಂಬ ಉಚಿತ ತಂತ್ರಾಂಶದಲ್ಲಿ ಮೂರು ಬಿಂದುಗಳ ಪೋಲಾರ್ ಅಲೈನ್‌ಮೆಂಟ್ ಎಂಬ ಪ್ಲಗಿನ್ ಇದೆ. ಆಕಾಶದ ಯಾವ ತೆರೆದ ಭಾಗದಲ್ಲಾದರೂ ಮೂರು ಫೋಟೋ ತೆಗೆದು, ನಕ್ಷತ್ರಗಳನ್ನು ಗುರುತಿಸಿ, ನಿಮ್ಮ ಮೌಂಟಿನ ಅಕ್ಷ ಎಷ್ಟು ಆಚೀಚೆ ಇದೆ ಅಂತ ಹೇಳುತ್ತದೆ. ಬೋಲ್ಟ್ ತಿರುಗಿಸುತ್ತಾ ಹೋದರೆ ಅಂಕಿ ಕಡಿಮೆಯಾಗುತ್ತಾ ಬರುತ್ತದೆ. ಒಂದು ಆರ್ಕ್‌ಮಿನಿಟಿಗಿಂತ ಕೆಳಗೆ ಬಂದರೆ ಸಾಕು, ಉಳಿದದ್ದನ್ನು ಗೈಡಿಂಗ್, ಅಂದರೆ ಸಣ್ಣ ಗೈಡ್ ಸ್ಕೋಪಿನಿಂದ ಒಂದು ನಕ್ಷತ್ರವನ್ನು ನೋಡುತ್ತಾ ಮೌಂಟನ್ನು ತಿದ್ದುವ ವ್ಯವಸ್ಥೆ, ನೋಡಿಕೊಳ್ಳುತ್ತದೆ.

ಇನ್ನೊಂದು ವಿಷಯವಿದೆ, ಇದನ್ನು ಮೌಂಟ್ ಕೊಳ್ಳುವ ಮೊದಲೇ ನೋಡಿ. ಹೆಚ್ಚಿನ ಮೌಂಟ್‌ಗಳನ್ನು ಮಾಡಿರುವುದು 30, 50 ಡಿಗ್ರಿ ಅಕ್ಷಾಂಶದವರಿಗೆ. 12 ಡಿಗ್ರಿಗೆ ಇಳಿಸಿದಾಗ ಮೌಂಟಿನ ತಲೆ ಬಹುತೇಕ ಅಡ್ಡ ಮಲಗುತ್ತದೆ. ತೂಕದ ಕೋಲು ಕೆಳಗೆ ಬಂದು ಟ್ರೈಪಾಡಿನ ಉತ್ತರದ ಕಾಲಿಗೆ ತಾಗುತ್ತದೆ. ನನಗೆ ಇದು ಗೊತ್ತಾದದ್ದು ರಾತ್ರಿ ಒಂದು ಗಂಟೆಗೆ, ಕಬ್ಬಿಣಕ್ಕೆ ಕಬ್ಬಿಣ ತಾಗಿದ ಸದ್ದಿನಿಂದ. ಮೌಂಟಿನ ಕೆಳಗೆ ಎತ್ತರ ಹೆಚ್ಚಿಸುವ ಒಂದು ಪೈಪ್ ತುಂಡು ಹಾಕಿಸಿದ ಮೇಲೆ ಸರಿಹೋಯಿತು. ಜೊತೆಗೆ ಜೆಲ್ಲಿಫಿಶ್ ನೆತ್ತಿಯ ಮೇಲೇ ಹಾದು ಹೋಗುವುದರಿಂದ ಕ್ಯಾಮೆರಾದ ಹಿಂಭಾಗವೂ ಟ್ರೈಪಾಡಿನ ಕಾಲಿನ ಹತ್ತಿರ ಬರುತ್ತದೆ. ಹಗಲಲ್ಲೇ ಒಮ್ಮೆ ಟೆಲಿಸ್ಕೋಪನ್ನು ನೆತ್ತಿಗೆ ತಿರುಗಿಸಿ, ಮೆರಿಡಿಯನ್ (ಉತ್ತರದಿಂದ ದಕ್ಷಿಣಕ್ಕೆ ನೆತ್ತಿಯ ಮೇಲೆ ಹಾಯುವ ಗೆರೆ) ದಾಟುವಾಗ ಎಲ್ಲೂ ತಾಗುವುದಿಲ್ಲ ಅಂತ ಕಣ್ಣಾರೆ ನೋಡಿಕೊಳ್ಳಿ.

ಯಾವ ಟೆಲಿಸ್ಕೋಪ್, ಯಾವ ಕ್ಯಾಮೆರಾ?

ಮೊದಲ ದುಡ್ಡು ಮೌಂಟಿಗೆ, ಆಮೇಲೆ ಉಳಿದದ್ದಕ್ಕೆ. ಜೆಲ್ಲಿಫಿಶ್‌ಗೆ 400 ರಿಂದ 600 ಮಿಲಿಮೀಟರ್ ಫೋಕಲ್ ಲೆಂತ್ ಹೇಳಿ ಮಾಡಿಸಿದ ಹಾಗಿದೆ. ಎಪಿಎಸ್-ಸಿ ಅಳತೆಯ ಸೆನ್ಸರಿನಲ್ಲಿ 600 ಮಿಲಿಮೀಟರಿಗೆ ಸುಮಾರು 2.2 ಡಿಗ್ರಿ ಅಗಲ, 1.5 ಡಿಗ್ರಿ ಎತ್ತರದ ಆಕಾಶ ಸಿಗುತ್ತದೆ. ನೀಹಾರಿಕೆಯ ಸುತ್ತ ಉಸಿರಾಡಲು ಜಾಗ ಇರುತ್ತದೆ.

ತಂಪು ಮಾಡುವ ವ್ಯವಸ್ಥೆ ಇರುವ ಮೊನೊ (ಕಪ್ಪು ಬಿಳುಪು) ಕ್ಯಾಮೆರಾ, ಅದಕ್ಕೆ ಮೂರು ಫಿಲ್ಟರ್. ಇದು ಒಳ್ಳೆಯ ದಾರಿ. ಕಲರ್ ಕ್ಯಾಮೆರಾ ಇದ್ದರೆ ಎಚ್-ಆಲ್ಫಾ ಮತ್ತು ಓ-ತ್ರೀ ಎರಡನ್ನೂ ಒಟ್ಟಿಗೆ ಬಿಡುವ ಡ್ಯುಯಲ್ ಬ್ಯಾಂಡ್ ಫಿಲ್ಟರ್ ಹಾಕಿ ಶುರು ಮಾಡಿ. ಸೀಸ್ಟಾರ್ ಎಸ್50 ಥರದ ಪುಟ್ಟ ಯಂತ್ರದ ಒಳಗೇ ಅಂಥ ಫಿಲ್ಟರ್ ಇದೆ, ಜೆಲ್ಲಿಫಿಶ್ ಅದರ ಫ್ರೇಮಿನಲ್ಲಿ ಹಿಡಿಸುತ್ತದೆ. ಶಾಲೆ ಮಕ್ಕಳಿಗೆ ತೋರಿಸಲು ನಾನು ಅದನ್ನೇ ಹೇಳುತ್ತೇನೆ.

ಮೊಬೈಲಲ್ಲಿ?

ಜೆಲ್ಲಿಫಿಶ್ ಬರುವುದಿಲ್ಲ. ಮೊಬೈಲಿಗೆ ಆಕಾಶಗಂಗೆ ಚೆನ್ನಾಗಿ ಬರುತ್ತದೆ, ಅದರಿಂದ ಶುರು ಮಾಡಿ.

ಗಂಧಕದ ಫಿಲ್ಟರ್ ಬೇಕೇ ಬೇಕಾ? ಎರಡರಲ್ಲೇ ಮುಗಿಸಬಹುದಲ್ವಾ?

ಚಿತ್ರ ಬರುತ್ತದೆ, ಆದರೆ ಸೂಪರ್ನೋವಾ ಅವಶೇಷವನ್ನು ಗಂಧಕ ಇಲ್ಲದೆ ತೆಗೆಯಬೇಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ಕಾರಣ ಹೀಗಿದೆ. ಓರಿಯನ್ ನೀಹಾರಿಕೆಯಂಥ ಕಡೆ ಎಳೆಯ ಬಿಸಿ ನಕ್ಷತ್ರಗಳ ಅತಿನೇರಳೆ ಬೆಳಕು ಅನಿಲವನ್ನು ಹೊಳೆಯಿಸುತ್ತದೆ. ಆ ಬೆಳಕು ಗಂಧಕದ ಹೆಚ್ಚಿನ ಪರಮಾಣುಗಳಿಂದ ಎರಡೆರಡು ಎಲೆಕ್ಟ್ರಾನ್ ಕಿತ್ತುಬಿಡುತ್ತದೆ. ನಮ್ಮ ಎಸ್-ಟು ಫಿಲ್ಟರ್ ನೋಡುವುದು ಒಂದೇ ಎಲೆಕ್ಟ್ರಾನ್ ಕಳೆದುಕೊಂಡ ಗಂಧಕವನ್ನು. ಹಾಗಾಗಿ ಅಲ್ಲಿ ಎಸ್-ಟು ಮಸುಕು. ಸೂಪರ್ನೋವಾ ಅವಶೇಷದಲ್ಲಿ ಕತೆಯೇ ಬೇರೆ. ಆಘಾತದ ಅಲೆ ದಾಟಿ ಹೋದ ಮೇಲೆ ಹಿಂದೆ ಉಳಿದ ಅನಿಲ ತಣ್ಣಗಾಗುತ್ತಾ ಬರುತ್ತದೆ. ಒಂದೇ ಎಲೆಕ್ಟ್ರಾನ್ ಕಳೆದುಕೊಂಡ ಗಂಧಕ ಅಲ್ಲಿ ಬೇಕಾದಷ್ಟು ಇರುತ್ತದೆ. ದೂರದ ಗ್ಯಾಲಕ್ಸಿಗಳಲ್ಲಿ ಒಂದು ಮಸುಕು ಚುಕ್ಕಿ ಅವಶೇಷವೋ ಬರಿಯ ಹೈಡ್ರೋಜನ್ ಮೋಡವೋ ಅಂತ ವಿಜ್ಞಾನಿಗಳು ತೀರ್ಮಾನಿಸುವುದೂ ಹೀಗೇ. ಗಂಧಕದ ಬೆಳಕು ಎಚ್-ಆಲ್ಫಾದ 0.4 ಪಟ್ಟಿಗಿಂತ ಜಾಸ್ತಿ ಇದ್ದರೆ ಅದು ಅವಶೇಷ ಅನ್ನುವುದು ಅವರ ರೂಢಿಯ ಗೆರೆ.

ಅಂದರೆ ಅವಶೇಷದ ಗುರುತಿರುವುದೇ ಗಂಧಕದಲ್ಲಿ. ಅದನ್ನು ಬಿಟ್ಟರೆ ಜೆಲ್ಲಿಫಿಶ್‌ಗೂ ಪಕ್ಕದ ಇನ್ನೊಂದು ಕೆಂಪು ಮೋಡಕ್ಕೂ ವ್ಯತ್ಯಾಸ ತೋರಿಸುವ ಮುಖ್ಯ ಸಾಕ್ಷಿ ನಿಮ್ಮ ಚಿತ್ರದಲ್ಲಿ ಇರುವುದಿಲ್ಲ.

ನನ್ನ ಮೊದಲ ಎಸ್-ಟು ಸ್ಟ್ಯಾಕ್, ಅಂದರೆ ಹಲವು ಫೋಟೋ ಕೂಡಿಸಿ ಮಾಡಿದ ಒಂದು ಚಿತ್ರ, ತೆರೆದುಕೊಂಡದ್ದು ಫೆಬ್ರವರಿಯ ಒಂದು ಬೆಳಗಿನ ಜಾವ. ಏನೂ ಬರುವುದಿಲ್ಲ ಅಂದುಕೊಂಡಿದ್ದೆ. ಸ್ಟ್ರೆಚ್ ಮಾಡಿದ, ಅಂದರೆ ಮಸುಕು ಭಾಗಗಳ ಹೊಳಪು ಎತ್ತಿದ ಕೂಡಲೇ ಈಶಾನ್ಯದ ಕಮಾನು ಪೂರ್ತಿ ಎದ್ದು ಬಂತು. ಎಚ್-ಆಲ್ಫಾದಲ್ಲಿ ಅಲ್ಲಿ ಹತ್ತಿ ಹಿಂಜಿದ ಹಾಗೆ ಮೆತ್ತಗೆ ಇತ್ತು. ಗಂಧಕದಲ್ಲಿ ಒಂದರ ಪಕ್ಕ ಒಂದು ಎಳೆ, ಲೆಕ್ಕ ಹಾಕಬಹುದಾದಷ್ಟು ಬಿಡಿಬಿಡಿ. ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಬೆಳಕು ಹರಿಯುವವರೆಗೂ ನೋಡುತ್ತಾ ಕೂತೆ.

ಒಂದೊಂದು ಫೋಟೋಗೆ ಎಷ್ಟು ಹೊತ್ತು? ಒಟ್ಟು ಎಷ್ಟು ಗಂಟೆ?

ಎಫ್/5ರ ಆಸುಪಾಸಿನ ಟೆಲಿಸ್ಕೋಪಿಗೆ, ಮೊನೊ ಕ್ಯಾಮೆರಾಕ್ಕೆ, 300 ಸೆಕೆಂಡಿನ ಸಬ್ (ಒಂದೊಂದು ಬಿಡಿ ಫೋಟೋ) ಸಾಕು. ಗೈಡಿಂಗ್ ಸರಿಯಿಲ್ಲದ ದಿನ 180ಕ್ಕೆ ಇಳಿಸಿ. ಕ್ಯಾಮೆರಾ ಮೈನಸ್ 10 ಡಿಗ್ರಿಗೆ. ನಮ್ಮ ಚಳಿಗಾಲದ ರಾತ್ರಿಗೆ ಅದು ಸಲೀಸಾಗಿ ಇಳಿಯುತ್ತದೆ.

ಒಟ್ಟು ಸಮಯ ಎಷ್ಟಾದರೂ ಕಡಿಮೆಯೇ. ಸಮಯ ನಾಲ್ಕು ಪಟ್ಟು ಮಾಡಿದರೆ ಚಿತ್ರದ ಗುಣಮಟ್ಟ ಎರಡು ಪಟ್ಟು ಆಗುತ್ತದೆ, ಲೆಕ್ಕ ಹಾಗೆ. ನಾನು ಜೆಲ್ಲಿಫಿಶ್‌ಗೆ 20 ಗಂಟೆ ಇಟ್ಟುಕೊಳ್ಳುತ್ತೇನೆ. ಎಚ್-ಆಲ್ಫಾಕ್ಕೆ 4, ಗಂಧಕಕ್ಕೆ 6, ಆಕ್ಸಿಜನ್ನಿಗೆ 10. ಹೊಳೆಯುವ ಹೈಡ್ರೋಜನ್ನಿಗೆ ಹೆಚ್ಚು ಹೊತ್ತು ಕೊಡಬೇಕು ಅಂತ ಎಲ್ಲರಿಗೂ ಆಸೆ ಆಗುತ್ತದೆ, ಪ್ರತಿ ಸಬ್ಬಿನಲ್ಲೂ ಕಣ್ಣಿಗೆ ಕಾಣುವುದು ಅದೇ ಅಲ್ವಾ. ಆದರೆ ಕೊನೆಗೆ ಚಿತ್ರ ಕೆಡಿಸುವುದು ಆಕ್ಸಿಜನ್ನಿನ ಕಾಳು ಕಾಳು ಗದ್ದಲ (ನಾಯ್ಸ್). ಒಂದೇ ರಾತ್ರಿ ಮುಗಿಸುವ ಹಠ ಬೇಡ. ನಾಲ್ಕೈದು ರಾತ್ರಿ ಕೂಡಿಸಿ. 26 ಮೆಗಾಪಿಕ್ಸೆಲ್ ಕ್ಯಾಮೆರಾದ ಒಂದು ಸಬ್ ಸುಮಾರು 50 ಎಂಬಿ ಆಗುತ್ತದೆ, 20 ಗಂಟೆಗೆ 240 ಸಬ್, ಅಂದರೆ 12 ಜಿಬಿ. ಡಿಸ್ಕಿನಲ್ಲಿ ಅದರ ಮೂರು ನಾಲ್ಕು ಪಟ್ಟು ಜಾಗ ಖಾಲಿ ಇರಲಿ.

ಹುಣ್ಣಿಮೆ ಹತ್ತಿರ ಇದ್ದಾಗ ತೆಗೆಯಬಹುದಾ?

ಎಚ್-ಆಲ್ಫಾ ಮತ್ತು ಗಂಧಕ ತೆಗೆಯಬಹುದು. ಆಕ್ಸಿಜನ್ ಬೇಡ. ಚಂದ್ರನ ಬೆಳಕು ಗಾಳಿಯಲ್ಲಿ ಚದುರುವಾಗ ನೀಲಿಯ ಕಡೆ ಹೆಚ್ಚು ಚದುರುತ್ತದೆ, ಕೆಂಪಿನ ಕಡೆ ಕಡಿಮೆ. 500 ನ್ಯಾನೋಮೀಟರಿನ ಓ-ತ್ರೀಗೆ ಏಟು ಬೀಳುವುದು ಅದಕ್ಕೇ.

ಆದರೆ ಜೆಲ್ಲಿಫಿಶ್ ವಿಷಯದಲ್ಲಿ ಒಂದು ಎಚ್ಚರ ಬೇಕು. ಅದು ಚಂದ್ರ ಓಡಾಡುವ ದಾರಿಯ ಮೇಲೇ ಇದೆ. ಹುತ್ತರಿಯ ಚಂದ್ರ ರೋಹಿಣಿಯ ಹತ್ತಿರ ಇರುತ್ತಾನೆ, ಜೆಲ್ಲಿಫಿಶ್‌ಗೆ ದೂರವೇನಲ್ಲ. ಅದರ ಮುಂದಿನ ಹುಣ್ಣಿಮೆ ಬಹುತೇಕ ಮಿಥುನದಲ್ಲೇ, ಅದರ ನೆರೆಮನೆಯಲ್ಲೇ ಆಗುತ್ತದೆ. ಚಂದ್ರ ಹತ್ತಿಪ್ಪತ್ತು ಡಿಗ್ರಿ ಹತ್ತಿರ ಇದ್ದರೆ ಯಾವ ಫಿಲ್ಟರೂ ಕಾಪಾಡುವುದಿಲ್ಲ. ಹುತ್ತರಿ ರಾತ್ರಿ ಹೇಗೂ ಕದಿರು ತೆಗೆಯಲು ಗದ್ದೆಗೆ ಹೋಗುವುದಿರುತ್ತದೆ, ಪೊಲಿ ಪೊಲಿ ದೇವಾ ಅಂತ ಕೂಗುವುದಿರುತ್ತದೆ. ಆ ದಿನ ಟೆಲಿಸ್ಕೋಪಿಗೆ ರಜೆ ಕೊಡಿ. ಅಮಾವಾಸ್ಯೆಯ ಆಚೀಚೆ ಐದೈದು ದಿನ ಆಕ್ಸಿಜನ್ನಿಗೆ ಮೀಸಲಿಡಿ. ಅರ್ಧಚಂದ್ರನ ದಿನಗಳು ಗಂಧಕಕ್ಕೆ.

ಹತ್ತು ಗಂಟೆಗೆಲ್ಲ ಲೆನ್ಸ್ ಮೇಲೆ ಇಬ್ಬನಿ. ಏನು ಮಾಡಲಿ?

ಡ್ಯೂ ಹೀಟರ್ ಪಟ್ಟಿ ಇಲ್ಲದೆ ಕೊಡಗಿನಲ್ಲಿ ಈ ಕೆಲಸ ಆಗುವುದಿಲ್ಲ. ಮುಂದಿನ ಲೆನ್ಸಿಗೆ ಒಂದು, ಗೈಡ್ ಸ್ಕೋಪಿಗೆ ಒಂದು. ಎರಡನೆಯದನ್ನು ಹೆಚ್ಚಿನವರು ಮರೆಯುತ್ತಾರೆ. ಗೈಡ್ ಸ್ಕೋಪ್ ಮಂಜಾದರೆ ಗೈಡಿಂಗ್ ನಕ್ಷತ್ರ ಕಳೆದುಹೋಗಿ, ಬೆಳಿಗ್ಗೆ ನೋಡಿದರೆ ಎಲ್ಲ ನಕ್ಷತ್ರಗಳೂ ಗೆರೆ. ಇಬ್ಬನಿ ಬಿದ್ದ ಮೇಲೆ ಹಾಕಿದರೆ ಒಣಗಲು ತುಂಬ ಹೊತ್ತು ಬೇಕು, ಸಂಜೆಯಿಂದಲೇ ಹಾಕಿಡಿ. ಲೆನ್ಸ್ ಮಾತ್ರ ಬಟ್ಟೆಯಿಂದ ಒರೆಸಬೇಡಿ. ಕೇಬಲ್‌ಗಳ ಕನೆಕ್ಟರ್ ಕೆಳಮುಖ ಇರಲಿ, ನೀರು ಇಳಿದು ಹೋಗುತ್ತದೆ.

ಕರೆಂಟ್ ಹೋದರೆ?

ಹೋಗುತ್ತದೆ ಅಂತಲೇ ಇಟ್ಟುಕೊಳ್ಳಿ. 12 ವೋಲ್ಟಿನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಿಂದಲೇ ಎಲ್ಲ ನಡೆಸಿ, ಕರೆಂಟ್ ಇದ್ದಾಗ ಅದು ಚಾರ್ಜ್ ಆಗುತ್ತಿರಲಿ. ಹೆಚ್ಚು ತಿನ್ನುವುದು ಡ್ಯೂ ಹೀಟರ್ ಮತ್ತು ಕ್ಯಾಮೆರಾದ ಕೂಲರ್.

ಡಾರ್ಕ್, ಫ್ಲ್ಯಾಟ್ ಎಲ್ಲ ಬೇಕೇ?

ಬೇಕು. ಡಾರ್ಕ್ ಅಂದರೆ ಸೆನ್ಸರಿನದೇ ಗದ್ದಲ ಕಳೆಯಲು ಮುಚ್ಚಳ ಹಾಕಿ ತೆಗೆಯುವ ಫೋಟೋ, ಅದಕ್ಕೆ ಆಕಾಶ ಬೇಡ. ಕೂಲರ್ ಇರುವ ಕ್ಯಾಮೆರಾ ಆದರೆ ಜೂನ್, ಜುಲೈಯ ಮಳೆ ರಾತ್ರಿಗಳಲ್ಲಿ ಮನೆಯೊಳಗೇ ಮುಚ್ಚಳ ಹಾಕಿ, ಅದೇ ತಾಪಮಾನ, ಅದೇ ಗೇನ್, ಅದೇ 300 ಸೆಕೆಂಡಿಗೆ 40 ಡಾರ್ಕ್ ತೆಗೆದಿಟ್ಟುಕೊಳ್ಳಿ. ಚಳಿಗಾಲದ ಒಂದು ಒಳ್ಳೆಯ ರಾತ್ರಿಯನ್ನೂ ಅದಕ್ಕೆ ಕಳೆಯಬೇಡಿ.

ಫ್ಲ್ಯಾಟ್ ಹಾಗಲ್ಲ. ಧೂಳಿನ ಕಲೆ, ಅಂಚಿನ ಕತ್ತಲು ಕಳೆಯಲು ಒಂದೇ ಸಮನಾದ ಬೆಳಕಿಗೆ ಹಿಡಿದು ತೆಗೆಯುವ ಫೋಟೋ ಅದು. ಅದು ಆ ರಾತ್ರಿಯ ಧೂಳು, ಆ ರಾತ್ರಿಯ ಫೋಕಸ್ ಇದ್ದ ಹಾಗೇ ತೆಗೆಯಬೇಕಾದದ್ದು. ಪ್ರತಿ ಫಿಲ್ಟರಿಗೂ ಬೇರೆ. ಕಣದಲ್ಲಿ ಕಾಫಿ ಹೊಟ್ಟಿನ ನಯವಾದ ಧೂಳು ಹಾರುತ್ತಿರುತ್ತದೆ, ಎಲ್ಲಿ ಹೋಗಿ ಕೂರುತ್ತದೋ ಗೊತ್ತಾಗುವುದಿಲ್ಲ. ಒಂದು ಜನವರಿಯಲ್ಲಿ ನಾನು ಓ-ತ್ರೀ ಮುಗಿಸಿ, ಇಬ್ಬನಿ ಜೋರಾಯಿತು ಅಂತ ಕ್ಯಾಮೆರಾ ಬಿಚ್ಚಿ ಒಳಗೆ ತಂದುಬಿಟ್ಟೆ. ಫ್ಲ್ಯಾಟ್ ನಾಳೆ ತೆಗೆದರಾಯಿತು ಅಂದುಕೊಂಡೆ. ಮರುದಿನ ಕ್ಯಾಮೆರಾ ಕೂತದ್ದು ಚೂರು ಬೇರೆ ಕೋನದಲ್ಲಿ. ಬಳೆಯಂಥ ಧೂಳಿನ ಕಲೆ ಜೆಲ್ಲಿಫಿಶ್‌ನ ನಡು ಮೈಮೇಲೆ ಹಾಗೇ ಉಳಿಯಿತು. ನಾಲ್ಕು ಗಂಟೆಯ ಆಕ್ಸಿಜನ್ ಬಿಸಾಡಬೇಕಾಯಿತು. ಈಗ ಬಿಳಿ ಪಂಚೆ ತುಂಡನ್ನು ಎರಡು ಮಡಿಕೆ ಮಾಡಿ ಟೆಲಿಸ್ಕೋಪಿನ ಬಾಯಿಗೆ ಕಟ್ಟಿ, ಬೆಳಗಿನ ಆಕಾಶಕ್ಕೆ ಹಿಡಿದು, ಮೂರೂ ಫಿಲ್ಟರಿನ ಫ್ಲ್ಯಾಟ್ ಮುಗಿಯುವವರೆಗೆ ಒಂದು ಸ್ಕ್ರೂ ಕೂಡ ಮುಟ್ಟುವುದಿಲ್ಲ.

ಪ್ರೊಸೆಸಿಂಗಿಗೆ ದುಡ್ಡು ಕೊಟ್ಟು ತಂತ್ರಾಂಶ ಕೊಳ್ಳಬೇಕಾ?

ಮೊದಲೇ ಬೇಡ. ಸಿರಿಲ್, ಗ್ರಾಕ್ಸ್‌ಪರ್ಟ್, ಸ್ಟಾರ್‌ನೆಟ್, ಗಿಂಪ್, ನಾಲ್ಕೂ ಉಚಿತ. ಪಿಕ್ಸ್‌ಇನ್‌ಸೈಟ್ ಒಳ್ಳೆಯದು, ದುಬಾರಿ, ಕಲಿಯಲು ಸಮಯ ಬೇಕು.

ಸ್ಟ್ಯಾಕಿಂಗಿನಿಂದ ಕೊನೆಯ ಚಿತ್ರದವರೆಗೆ ನೀವು ಹೇಗೆ ಮಾಡುತ್ತೀರಿ?

ಮೊದಲು ಎಲ್ಲ ಸಬ್‌ಗಳನ್ನೂ ಒಂದೊಂದಾಗಿ ನೋಡುತ್ತೇನೆ. ಬೇಜಾರಿನ ಕೆಲಸ, ಆದರೆ ಮೋಡ ಹಾದದ್ದು, ಗಾಳಿಗೆ ಅಲುಗಿದ್ದು ಇಲ್ಲೇ ಸಿಗುತ್ತದೆ. ವಿಮಾನ, ಉಪಗ್ರಹದ ಗೆರೆ ಇದ್ದರೆ ಬಿಸಾಡಬೇಕಿಲ್ಲ. ಸಬ್‌ಗಳು ಸಾಕಷ್ಟಿದ್ದರೆ ಸಿಗ್ಮಾ ಕ್ಲಿಪಿಂಗ್ ಅವನ್ನು ತೆಗೆದುಹಾಕುತ್ತದೆ.

ಸಿರಿಲ್‌ನಲ್ಲಿ ಪ್ರತಿ ಫಿಲ್ಟರನ್ನೂ ಬೇರೆ ಬೇರೆ ಸ್ಟ್ಯಾಕ್ ಮಾಡುತ್ತೇನೆ. ಆಮೇಲೆ ಮೂರನ್ನೂ ಎಚ್-ಆಲ್ಫಾಕ್ಕೆ ಹೊಂದಿಸಿ ಒಂದರ ಮೇಲೊಂದು ಸರಿಯಾಗಿ ಕೂರಿಸುತ್ತೇನೆ. ಅಂಚು ಕತ್ತರಿಸಿ, ಗ್ರಾಕ್ಸ್‌ಪರ್ಟ್‌ನಲ್ಲಿ ಹಿನ್ನೆಲೆಯ ಏರುಪೇರು ತೆಗೆಯುತ್ತೇನೆ. ಇಲ್ಲಿ ಅವಸರ ಮಾಡಬೇಡಿ. ಜೆಲ್ಲಿಫಿಶ್ ಸುತ್ತಲೂ ನಿಜವಾಗಿಯೇ ಮಸುಕು ಹೈಡ್ರೋಜನ್ ಹರಡಿದೆ. ಅದನ್ನು ಕೊಳೆ ಅಂದುಕೊಂಡು ಅಳಿಸಿಬಿಟ್ಟರೆ ನೀಹಾರಿಕೆ ಕಪ್ಪು ಗೋಡೆಗೆ ಅಂಟಿಸಿದ ಚೀಟಿ ಥರ ಕಾಣುತ್ತದೆ.

ಸ್ಟ್ರೆಚ್ ಮಾಡುವ ಮೊದಲೇ ನಕ್ಷತ್ರಗಳನ್ನು ಸ್ಟಾರ್‌ನೆಟ್ ಬಳಸಿ ಬೇರೆ ಮಾಡುತ್ತೇನೆ. ಆಮೇಲೆ ಮೂರು ಚಾನೆಲನ್ನೂ ಬೇರೆ ಬೇರೆಯಾಗಿ ಸ್ಟ್ರೆಚ್ ಮಾಡಬೇಕು. ಹೆಚ್ಚಿನ ಚಿತ್ರಗಳು ಕೆಡುವುದು ಈ ಹಂತದಲ್ಲಿ. ಎಚ್-ಆಲ್ಫಾ ಬೇಗ ಮೇಲೇಳುತ್ತದೆ, ಆಕ್ಸಿಜನ್ ಏಳುವುದೇ ಇಲ್ಲ. ಎರಡನ್ನೂ ಸಮ ಮಾಡಬೇಕು ಅಂತ ಆಕ್ಸಿಜನ್ನನ್ನು ಎಳೆದು ಎಳೆದು ಹಿಗ್ಗಿಸಿದರೆ ಗದ್ದಲವೇ ನೀಲಿ ಮೋಡವಾಗಿ ಕೂರುತ್ತದೆ. ನಾನು ಮಾಡುವ ಪರೀಕ್ಷೆ ಸುಲಭ. ಆಕ್ಸಿಜನ್ ಸಬ್‌ಗಳನ್ನು ಎರಡು ಭಾಗ ಮಾಡಿ ಎರಡು ಸ್ಟ್ಯಾಕ್ ಮಾಡುತ್ತೇನೆ. ಒಂದು ಎಳೆ ಎರಡರಲ್ಲೂ ಅದೇ ಜಾಗದಲ್ಲಿ ಕಂಡರೆ ನಿಜ. ಒಂದರಲ್ಲಿ ಮಾತ್ರ ಕಂಡರೆ ಅದನ್ನು ನಂಬುವುದಿಲ್ಲ, ಸ್ಟ್ರೆಚ್ ಅಲ್ಲಿಗೆ ನಿಲ್ಲಿಸುತ್ತೇನೆ.

ಕೊನೆಗೆ ಬಣ್ಣ. ಗಂಧಕ ಕೆಂಪಿಗೆ, ಹೈಡ್ರೋಜನ್ ಹಸಿರಿಗೆ, ಆಕ್ಸಿಜನ್ ನೀಲಿಗೆ. ಇದಕ್ಕೆ ಹಬಲ್ ಪ್ಯಾಲೆಟ್ ಅನ್ನುತ್ತಾರೆ. 1995ರಲ್ಲಿ ಹಬಲ್ ತೆಗೆದ ಹದ್ದು ನೀಹಾರಿಕೆಯ ಕಂಬಗಳ ಚಿತ್ರದಿಂದ ಇದು ಮನೆಮಾತಾಯಿತು. ಕಲರ್ ಕ್ಯಾಮೆರಾ, ಡ್ಯುಯಲ್ ಬ್ಯಾಂಡ್ ಇರುವವರು ಸಿರಿಲ್‌ನ ಎಚ್-ಆಲ್ಫಾ ಓ-ತ್ರೀ ಬೇರ್ಪಡಿಸುವ ಸ್ಕ್ರಿಪ್ಟ್ ಓಡಿಸಿ, ಕೆಂಪಿಗೆ ಹೈಡ್ರೋಜನ್, ಹಸಿರು ನೀಲಿ ಎರಡಕ್ಕೂ ಆಕ್ಸಿಜನ್ ಕೊಡಿ. ನೋಡಲು ಸಹಜವಾಗಿರುತ್ತದೆ.

ಚಿತ್ರ ಪೂರ್ತಿ ಹಸಿರು, ನಕ್ಷತ್ರಗಳು ನೇರಳೆ. ಎಲ್ಲಿ ತಪ್ಪಿದೆ?

ತಪ್ಪಿಲ್ಲ. ಹೈಡ್ರೋಜನ್ ಹೆಚ್ಚು, ಅದು ಹಸಿರಿನಲ್ಲಿದೆ, ಹಾಗಾಗಿ ಹಸಿರು. ಹಸಿರು ತಗ್ಗಿಸುವ ಉಪಕರಣವನ್ನು ಸ್ವಲ್ಪವೇ ಬಳಸಿ. ಪೂರ್ತಿ ಬಳಸಿದರೆ ಹೈಡ್ರೋಜನ್ ಎಲ್ಲಿದೆ ಅನ್ನುವ ಮಾಹಿತಿಯೂ ಜೊತೆಗೇ ಹೋಗುತ್ತದೆ. ಗಂಧಕ ಜಾಸ್ತಿ ಇರುವ ಎಳೆಗಳು ತಾಮ್ರದ ಬಣ್ಣಕ್ಕೆ ತಿರುಗುವಷ್ಟಕ್ಕೆ ನಾನು ನಿಲ್ಲಿಸುತ್ತೇನೆ. ನಕ್ಷತ್ರಗಳಿಗೆ ಕಲರ್ ಕ್ಯಾಮೆರಾದಲ್ಲಾದರೆ ಫಿಲ್ಟರ್ ಇಲ್ಲದೆ, ಮೊನೊದಲ್ಲಾದರೆ ಮಾಮೂಲಿ ಕೆಂಪು, ಹಸಿರು, ನೀಲಿ ಫಿಲ್ಟರಿನಲ್ಲಿ 30 ಸೆಕೆಂಡಿನ ಸಬ್‌ಗಳನ್ನು ಅರ್ಧ ಗಂಟೆ ತೆಗೆದು, ಆ ಬಣ್ಣದ ನಕ್ಷತ್ರಗಳನ್ನು ಕೊನೆಗೆ ಸೇರಿಸಿ.

ಪ್ರೋಪಸ್ ಸುತ್ತ ದೊಡ್ಡ ಉಂಗುರ ಬರುತ್ತಿದೆ.

ಪ್ರೋಪಸ್ ಕೆಂಪು ದೈತ್ಯ, ಬರಿಗಣ್ಣಿಗೇ ಕಾಣುವ ನಕ್ಷತ್ರ. ಅದರ ಬೆಳಕು ಫಿಲ್ಟರ್ ಮತ್ತು ಸೆನ್ಸರಿನ ನಡುವೆ ಪ್ರತಿಫಲಿಸಿ ಉಂಗುರ ಆಗುತ್ತದೆ. ಫಿಲ್ಟರನ್ನು ತಿರುವಿ ಹಾಕಿ ನೋಡಿ, ಕೆಲವಕ್ಕೆ ಒಂದು ಮುಖ ಆಕಾಶದ ಕಡೆಗೇ ಇರಬೇಕು. ಆಗಲೂ ಹೋಗದಿದ್ದರೆ ಫಿಲ್ಟರೇ ಸರಿಯಿಲ್ಲ. ನಾನು ಅಗ್ಗಕ್ಕೆ ಸಿಕ್ಕಿತು ಅಂತ ಕೊಂಡ ಒಂದು ಓ-ತ್ರೀ ಫಿಲ್ಟರ್ ಹಾಗೇ ಇತ್ತು, ಅಂಗಡಿಯವರು ವಾಪಸ್ ತೆಗೆದುಕೊಳ್ಳಲಿಲ್ಲ. ಕೊಳ್ಳುವ ಮೊದಲೇ ವಾಪಸಾತಿ ಬಗ್ಗೆ ಬರೆಸಿಕೊಳ್ಳಿ. ಪ್ರೋಪಸನ್ನು ಫ್ರೇಮಿನಿಂದ ಹೊರಗೆ ತಳ್ಳುವವರಿದ್ದಾರೆ. ನನಗೆ ಅದು ಚಿತ್ರದಲ್ಲಿ ಇರಬೇಕು. ಅದಿದ್ದರೆ ಮಕ್ಕಳು ಅಂಗಳದಲ್ಲಿ ನಿಂತು, ಇದರ ಪಕ್ಕದಲ್ಲೇ ಅದು ಇದೆ ಅಂತ ಬೆರಳು ತೋರಿಸಬಹುದು.

ಈ ಬಣ್ಣಗಳೆಲ್ಲ ಸುಳ್ಳಲ್ವಾ?

ಕಣ್ಣಿಗೆ ಹೀಗೆ ಕಾಣುವುದಿಲ್ಲ, ನಿಜ. ಹೈಡ್ರೋಜನ್ ಮತ್ತು ಗಂಧಕ ಎರಡೂ ಕಡುಗೆಂಪು, ಕಣ್ಣಿಗೆ ಬೇರೆ ಮಾಡಲು ಆಗುವುದೇ ಇಲ್ಲ. ಬೇರೆ ಬಣ್ಣ ಕೊಟ್ಟಾಗ ಮಾತ್ರ ಯಾವುದು ಎಲ್ಲಿದೆ ಅಂತ ಕಾಣುತ್ತದೆ. ನಕ್ಷೆಯಲ್ಲಿ ಗದ್ದೆಗೆ ಒಂದು ಬಣ್ಣ, ತೋಟಕ್ಕೆ ಒಂದು ಬಣ್ಣ ಕೊಟ್ಟ ಹಾಗೆ. ಯಾವ ಬಣ್ಣಕ್ಕೆ ಯಾವ ಫಿಲ್ಟರ್ ಅಂತ ಫೋಟೋ ಕೆಳಗೆ ಬರೆದರೆ ಅದರಲ್ಲಿ ಸುಳ್ಳಿಲ್ಲ. ಬರೆಯದೆ ಹಾಕಬೇಡಿ.

ಎಐ ಬಳಸಿ ಶಾರ್ಪ್ ಮಾಡಬಹುದಾ?

ಗದ್ದಲ ತಗ್ಗಿಸಲು ಸ್ವಲ್ಪ ಬಳಸುತ್ತೇನೆ. ಎಳೆಗಳನ್ನು ಚೂಪು ಮಾಡಲು ಬಳಸುವುದಿಲ್ಲ. ಅವಶೇಷದ ಚೆಲುವೇ ಎಳೆಗಳು, ಅವು ಆಘಾತದ ಅಲೆಯನ್ನು ನಾವು ಅಂಚಿನಿಂದ ನೋಡುವ ಜಾಗ. ಅಲ್ಲಿ ಯಂತ್ರ ಊಹಿಸಿ ಬರೆದ ಒಂದು ಎಳೆ ಸೇರಿದರೂ ಆಮೇಲೆ ನಿಜ ಯಾವುದು ಅಂತ ನನಗೇ ಗೊತ್ತಾಗುವುದಿಲ್ಲ.

ಮಳೆಗಾಲದಲ್ಲಿ ಸಾಮಾನು ಹೇಗೆ ಇಡುವುದು?

ಮೇ ಕೊನೆಗೆ ಒಂದು ಒಣ ಬಿಸಿಲಿನ ದಿನ ನೋಡಿ ಎಲ್ಲವನ್ನೂ ನೆರಳಿನಲ್ಲಿ ಗಾಳಿಗೆ ಇಡಿ. ಆಮೇಲೆ ರಬ್ಬರ್ ಅಂಚಿನ, ಗಾಳಿಯಾಡದ ಡಬ್ಬಿಗೆ ಹಾಕಿ ಸಿಲಿಕಾ ಜೆಲ್ ಇಡಿ. ಫಿಲ್ಟರ್‌ಗಳಿಗೆ ಬೇರೆ ಸಣ್ಣ ಡಬ್ಬಿ. ಬ್ಯಾಗಿನ ಸ್ಪಂಜಿನಲ್ಲಿ ಬಿಡಲೇಬೇಡಿ, ಸ್ಪಂಜು ತೇವ ಹಿಡಿದಿಟ್ಟುಕೊಳ್ಳುತ್ತದೆ. ನನ್ನ ಮೊದಲ ಎಚ್-ಆಲ್ಫಾ ಫಿಲ್ಟರಿನ ಅಂಚಿನಲ್ಲಿ ಜೇಡರ ಬಲೆಯಂಥ ಬೂಷ್ಟು ಬಂದದ್ದು ಹಾಗೇ. ಹದಿನೈದು ದಿನಕ್ಕೊಮ್ಮೆ ಡಬ್ಬಿ ನೋಡಿ. ಜೆಲ್ಲಿನ ಬಣ್ಣ ತಿರುಗಿದ್ದರೆ ಬೇರೆಯೇ ಇಟ್ಟ ಹಳೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ, ಮೊದಲಿನ ಬಣ್ಣ ಬಂದ ಮೇಲೆ ಆರಿಸಿ ಮತ್ತೆ ಒಳಗೆ ಹಾಕಿ ಮುಚ್ಚಿ.